ಉಪ್ಪು ನೋಡದೆ ಮಾಡಿದ ಬೀಗರ ಊಟ

ನಾನು ಲಿಂಗ ಕಟ್ಟಿಕೊಂಡವಳು, ಮಾಂಸ ಬಾಯಿಗೆ ಇಟ್ಟವಳಲ್ಲ. ಆದರೆ ಶಿವಮೊಗ್ಗ, ಭದ್ರಾವತಿಯ ಮದುವೆ ಮನೆಗಳಿಗೆ ಕೋಳಿ ಸಾರು, ಮಟನ್ ಚಾಪ್ಸ್ ಮಾಡಿ ಬಡಿಸುವುದೇ ನನ್ನ ಕಸುಬು. ರವೀಂದ್ರನಗರದ ನಮ್ಮ ಮನೆಯ ಹಿಂದೆ ಶೀಟು ಹಾಕಿದ ಬೇರೆ ಅಡುಗೆಮನೆಯೇ ಇದೆ. ಮಸಾಲೆ, ಬೆಂಕಿ, ಹದ ನನ್ನ ಪಾಲು. ಮಾಂಸ ಆರಿಸುವುದು, ತುಂಡು ಮಾಡಿಸುವುದು, ಕೊನೆಯಲ್ಲಿ ಉಪ್ಪು ಖಾರ ನೋಡಿ ಸರಿಯಿದೆ ಎನ್ನುವುದು ಭದ್ರಾವತಿ ಓಲ್ಡ್ ಟೌನಿನ ಆಪಾ ಅವರ ಪಾಲು. ಬಿರಿಯಾನಿಗೆ ಹೆಸರಾದ ಮನೆಯವರು. ನಾನು ಅವರನ್ನು ಆಪಾ ಎನ್ನುತ್ತೇನೆ, ಅವರು ನನ್ನನ್ನು ಅಕ್ಕ ಎನ್ನುತ್ತಾರೆ; ಉರ್ದುವಿನ ಆಪಾ ಎಂದರೂ ಅಕ್ಕನೇ. ಇಬ್ಬರಲ್ಲಿ ದೊಡ್ಡವರು ಯಾರೆಂದು ಇಬ್ಬರೂ ಬಾಯಿ ಬಿಟ್ಟಿಲ್ಲ.

ಮೂಗಿನಲ್ಲೇ ಅಡುಗೆ ಮಾಡುವವಳು ಎಂದು ಕೆಲವರು ನನ್ನನ್ನು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಮಸಾಲೆ ಸೀದಿದ್ದರೆ, ಹಸಿ ವಾಸನೆ ಉಳಿದಿದ್ದರೆ, ಕೊಬ್ಬು ಬಿಟ್ಟುಕೊಂಡಿದ್ದರೆ ಪಡಸಾಲೆಯಲ್ಲಿ ಕೂತೇ ಹೇಳಬಲ್ಲೆ. ಉಪ್ಪು ಮಾತ್ರ ಮೂಗಿಗೆ ಸಿಗುವುದಿಲ್ಲ. ಅದಕ್ಕೆ ಆಪಾ ಇದ್ದರು. ಹೀಗೆ ನಮ್ಮ ಸಂಸಾರ ಚೆನ್ನಾಗಿಯೇ ಸಾಗಿತ್ತು.

ಅಷ್ಟರಲ್ಲಿ ನ್ಯೂ ಟೌನಿನ ಒಂದು ಮನೆಯಿಂದ ಬೀಗರ ಊಟದ ಆರ್ಡರ್ ಬಂತು. ಹುಡುಗಿ ಪಾಂಡಿಚೇರಿಯ ಶಾಲೆಯೊಂದರಲ್ಲಿ ಪಾಠ ಹೇಳುತ್ತಾಳೆ, ಅದೇ ಶಾಲೆಯಲ್ಲಿ ಸಂಗೀತ ಕಲಿಸುವ ಫ್ರಾನ್ಸಿನ ಹುಡುಗನನ್ನು ಮದುವೆಯಾಗುತ್ತಿದ್ದಳು. ಮುದ್ದೆ, ಮಟನ್ ಸಾರು, ಕೋಳಿ ಹುರುಕಲು ಎಂದು ಎಲ್ಲವೂ ನಿಗದಿಯಾಗಿತ್ತು. ಮದುವೆಗೆ ವಾರವಿರುವಾಗ ಹುಡುಗಿಯ ತಾಯಿ ಮತ್ತೆ ನಮ್ಮ ಮನೆಗೆ ಬಂದು, ಕೊಟ್ಟ ಕಾಫಿಯನ್ನೂ ಕುಡಿಯದೆ ಕೂತರು.

"ನೋಡಿ, ಬಂದಾಗಿಂದ ಆಯಮ್ಮ ಬಾಳೆಹಣ್ಣು, ಮೊಸರನ್ನ ಬಿಟ್ರೆ ಏನೂ ಮುಟ್ಟಿಲ್ಲ," ಎಂದರು. ಹುಡುಗನ ತಾಯಿಯ ಬಗ್ಗೆ ಹೇಳಿದ್ದು ಅದು. "ನಗ್ತಾರೆ, ಚೆನ್ನಾಗಿದೆ ಅಂತಾರೆ, ಎಲೇಲಿ ಹಾಕಿದ್ದು ಹಂಗೇ ಇರುತ್ತೆ. ಬೀಗಿತ್ತಿ ನಮ್ಮನೆಯಿಂದ ಹಸ್ಕೊಂಡು ಹೋದ್ರೆ ನನ್ನ ಮಗಳು ಆ ಮನೇಲಿ ಯಾವ ಮುಖ ಇಟ್ಕೊಂಡು ಬಾಳ್ತಾಳೆ? ಬೀಗರ ಊಟದ ದಿನ ಅವರದೇ ಒಂದು ಅಡುಗೆ ಮಾಡ್ಕೊಡಿ. ಅವರು ಹಬ್ಬಕ್ಕೆ ಮಾಡೋ ಕೋಳಿ ಅಂತೆ. ವೈನಲ್ಲಿ ಬೇಯಿಸೋದಂತೆ."

ವೈನು ಎಂದ ಕೂಡಲೇ ಇಲ್ಲ ಎನ್ನಬೇಕಿತ್ತು. ಆದರೆ ನನಗೊಂದು ಚಟವಿದೆ. ಯಾರಾದರೂ ಒಂದು ಅಡುಗೆಯ ಹೆಸರು ಹೇಳಿ, ಇದು ನಿಮ್ಮ ಕೈಲಿ ಆಗುತ್ತಾ ಎಂಬಂತೆ ಮುಖ ನೋಡಿದರೆ ನಾಲಿಗೆ ತಾನೇ ಹೂಂ ಎಂದುಬಿಡುತ್ತದೆ. "ಮಾಡ್ಕೊಡ್ತೀನಿ ಬಿಡಿ, ಕಾಫಿ ಆರ್ತಾ ಇದೆ," ಎಂದೆ.

ಹುಡುಗಿ ಫೋನಿನಲ್ಲಿ ನೋಡಿಕೊಂಡು ವಿಧಾನವನ್ನು ಕನ್ನಡದಲ್ಲಿ ಹೇಳಿದಳು. ಹುಂಜದ ತುಂಡುಗಳನ್ನು ಕೆಂಪು ವೈನಿನಲ್ಲಿ ನೆನೆಹಾಕಬೇಕು. ಬೆಣ್ಣೆಯಲ್ಲಿ ಕೆಂಪಗೆ ಹುರಿಯಬೇಕು. ಸಣ್ಣ ಈರುಳ್ಳಿ, ಕ್ಯಾರೆಟ್, ಬೆಳ್ಳುಳ್ಳಿ ಹಾಕಿ ಅದೇ ವೈನಿನಲ್ಲಿ ನಿಧಾನವಾಗಿ ಬೇಯಿಸಬೇಕು. ಕಡೆಗೆ ಹುರಿದ ಅಣಬೆ, ಮಂದವಾಗಲು ಬೆಣ್ಣೆಯಲ್ಲಿ ಕಲಸಿದ ಮೈದಾ. ಹಂದಿ ಮಾಂಸದ ಚೂರುಗಳೂ ಬೇಕಂತೆ. ಅದನ್ನು ಅಲ್ಲಿಗೇ ಕೈಬಿಟ್ಟೆವು. ಪಾಂಡಿಚೇರಿಯಿಂದ ಅವಳು ತಂದಿದ್ದ ಒಣ ಸೊಪ್ಪಿನ ಪೊಟ್ಟಣ ಮೂಸಿ ನೋಡಿದೆ. ಓಮಕ್ಕೆ ಹತ್ತಿರದ ವಾಸನೆ. ಸ್ವಲ್ಪ ಧೈರ್ಯ ಬಂತು.

ಆಪಾ ಎಲ್ಲವನ್ನೂ ಕೇಳಿಸಿಕೊಂಡು ಸೆರಗು ಸರಿಮಾಡಿಕೊಂಡರು. "ಅಕ್ಕಾ, ಕೋಳಿ ತಂದ್ಕೊಡ್ತೀನಿ, ತುಂಡು ಮಾಡ್ಸಿ ಕೊಡ್ತೀನಿ. ಶರಾಬು ಬಿದ್ದ ಪಾತ್ರೆಗೆ ನನ್ನ ಸೌಟು ಬರಲ್ಲ, ನಾಲಿಗೇನೂ ಬರಲ್ಲ. ಬೇಜಾರು ಮಾಡ್ಕೋಬೇಡಿ."

"ಬೇಜಾರು ಯಾಕೆ ಆಪಾ? ನೀವು ನನಗೆ ಯಾವತ್ತಾದ್ರೂ ಒಂದು ತುಂಡು ತಿನ್ನಿ ಅಂದಿದೀರಾ?" ಎಂದೆ. ಮಾತು ಅಲ್ಲಿಗೆ ಮುಗಿಯಿತು. ಉಪ್ಪು ನೋಡುವವರು ಯಾರು ಎಂಬುದು ಆಗ ನಮ್ಮಿಬ್ಬರ ತಲೆಗೂ ಬರಲಿಲ್ಲ.

ವೈನು ತರುವವರು ಯಾರು? ನಮ್ಮ ಯಜಮಾನರು ನಿವೃತ್ತ ಮೇಷ್ಟ್ರು. "ನಾನು ಆ ಅಂಗಡಿ ಮೆಟ್ಟಿಲು ಹತ್ತಿದ್ರೆ ಒಳಗಿರೋರೆಲ್ಲ ನನ್ನ ಹಳೇ ಸ್ಟೂಡೆಂಟ್ಸೇ ಆಗಿರ್ತಾರೆ ಮಾರಾಯ್ತಿ, ಎದ್ದು ನಿಂತು ನಮಸ್ಕಾರ ಮಾಡ್ತಾರೆ," ಎಂದು ಪೇಪರ್ ಬಿಡಿಸಿಕೊಂಡರು. ನಾನೇ ತರಕಾರಿ ಚೀಲ ಹಿಡಿದು ಹೋದೆ. ಕೌಂಟರಿನವನು ನನ್ನ ಹಣೆಯ ವಿಭೂತಿ ನೋಡಿ ಒಂದು ಕ್ಷಣ ತಬ್ಬಿಬ್ಬಾದ. ಆಮೇಲೆ ಬಹಳ ಮರ್ಯಾದೆಯಿಂದ, "ಇದು ತಗೊಳ್ಳಿ ಮೇಡಂ, ಲೇಡೀಸ್‌ಗೆ ಇದೇ ಒಳ್ಳೇದು, ಸಿಹಿ ಇರುತ್ತೆ," ಎಂದು ಒಂದು ಬಾಟಲಿ ಕೊಟ್ಟ. ಕೆಂಪಗಿತ್ತು, ವೈನ್ ಎಂದು ಬರೆದಿತ್ತು. ತಂದೆ.

ಮೊದಲ ಪ್ರಯೋಗ ಆ ಬಾಟಲಿಯಲ್ಲೇ, ಫಾರಂ ಕೋಳಿಯಲ್ಲಿ ಆಯಿತು. ರುಚಿ ನೋಡಲು ಹುಡುಗಿಯ ತಂದೆ ಸ್ಕೂಟರ್ ಹತ್ತಿ ಭದ್ರಾವತಿಯಿಂದ ಬಂದರು. ಫೌಂಡ್ರಿಯಲ್ಲಿ ಎರಕ ಹೊಯ್ದು ನಿವೃತ್ತರಾದವರು, ಮಾತು ನೇರ. ಬೆಂಕಿ ಇಳಿಸುವ ಹೊತ್ತಿಗೆ ಕೋಳಿ ಮೂಳೆ ಬಿಟ್ಟು ನಾರುನಾರಾಗಿತ್ತು. ಅವರು ಒಂದು ತುತ್ತು ತಿಂದು ನೀರು ಕುಡಿದರು.

"ಹೇಳಿ, ಪರವಾಗಿಲ್ಲ," ಎಂದೆ.

"ದ್ರಾಕ್ಷಿ ಜಾಮಿಗೆ ಕೋಳಿ ಹಾಕಿದಂಗಿದೆ ಕಣಮ್ಮ."

ಅಂಗಡಿಗೆ ವಾಪಸು ಹೋಗಿ, ಸಿಹಿಯೇ ಇರಬಾರದು, ಒಗರಾಗಿರೋದು ಕೊಡಿ ಎಂದೆ. ಅವನು ಒಳಗೆಲ್ಲ ಹುಡುಕಿ ಧೂಳು ಹಿಡಿದ ಬಾಟಲಿಗಳನ್ನು ತೆಗೆದುಕೊಟ್ಟ. ಕೋಳಿಯ ವಿಷಯದಲ್ಲಿ ಆಪಾ ತೀರ್ಮಾನ ಕೊಟ್ಟರು. ಇಷ್ಟು ಹೊತ್ತು ಬೇಯುವ ಅಡುಗೆಗೆ ಫಾರಂ ಕೋಳಿ ತಡೆಯುವುದಿಲ್ಲ, ಬಲಿತ ನಾಟಿ ಹುಂಜವೇ ಬೇಕು, ಅದೂ ಚರ್ಮ ಸಮೇತ. ತಮ್ಮ ಗುರುತಿನ ಅಂಗಡಿಯಲ್ಲಿ ಹಲಾಲ್ ಮಾಡಿಸಿ, ಪುಕ್ಕ ಕಿತ್ತು ಸುಟ್ಟು ತಂದರು. ಅರಿಶಿನ ಹಚ್ಚಬೇಡಿ ಎಂದು ಹೇಳಿ ಕಳಿಸಿದ್ದರೂ ಅಂಗಡಿಯವನು ಅಭ್ಯಾಸಬಲದಿಂದ ಹಚ್ಚಿಬಿಟ್ಟಿದ್ದ. ಬೈಯುತ್ತಲೇ ತೊಳೆದೆವು.

ಪಾತ್ರೆಯ ಜವಾಬ್ದಾರಿಯನ್ನು ಹುಡುಗಿಯ ತಂದೆ ತಾವೇ ಹೊತ್ತುಕೊಂಡರು. ಫ್ರಾನ್ಸಿನವರು ಇದನ್ನು ಎರಕದ ಕಬ್ಬಿಣದ ಪಾತ್ರೆಯಲ್ಲಿ ಮಾಡುತ್ತಾರೆ ಎಂದು ಮಗಳ ಬಾಯಲ್ಲಿ ಕೇಳಿದ್ದೇ ತಡ, ಅವರ ಎದೆ ಉಬ್ಬಿತು. "ಭದ್ರಾವತಿಯಲ್ಲಿ ಹುಟ್ಟಿ ಎರಕದ ಪಾತ್ರೆ ಹುಡುಕ್ಕೊಂಡು ಹೋಗ್ಬೇಕಾ? ನಾನು ತರ್ತೀನಿ," ಎಂದವರು ಹಳೆಯ ಸ್ನೇಹಿತನೊಬ್ಬನ ಫೌಂಡ್ರಿಯಲ್ಲಿ ಎರಕ ಹೊಯ್ಸಿಟ್ಟಿದ್ದ ಮುಚ್ಚಳದ ಪಾತ್ರೆಯನ್ನು ಹೊತ್ತು ತಂದರು. ಇಬ್ಬರು ಹಿಡಿದು ಎತ್ತಬೇಕು. ಒಳಗೆ ಹೊರಗೆ ನುಣ್ಣಗೆ ಉಜ್ಜಿ, ಎಣ್ಣೆ ಹಾಕಿ ಪಳಗಿಸಿದ್ದರು. ಅಂಥ ಪಾತ್ರೆ ನಮ್ಮ ಮನೆಗೆ ಬಂದದ್ದೇ ನನಗೆ ಹೆಮ್ಮೆ ಎನಿಸಿತು. ವೈನು ಸುರಿದು, ಹುಂಜದ ತುಂಡುಗಳನ್ನು ಹಾಕಿ, ಮುಚ್ಚಿ, ಮಾರನೆಯ ದಿನದವರೆಗೆ ನೆನೆಯಲು ಬಿಟ್ಟೆ.

ಮಾರನೆಯ ದಿನ ಮುಚ್ಚಳ ತೆಗೆದರೆ ಒಳಗೆ ಶಾಯಿ. ಕೆಂಪು ಎಂಬುದರ ಸುಳಿವಿಲ್ಲ, ಕೋಳಿಯ ಚರ್ಮ ನೀಲಿಗಪ್ಪು. ಬೇಯಿಸಿದರೆ ಸರಿಹೋದೀತು ಎಂದು ಹಟಕ್ಕೆ ಬೇಯಿಸಿದೆ. ಮೂಗಿಗೇ ಗೊತ್ತಾಗುತ್ತಿತ್ತು, ಮಳೆಗೆ ತೋಯ್ದ ಕಬ್ಬಿಣದ ಗೇಟಿನ ವಾಸನೆ. ಹುಡುಗಿಯ ತಂದೆ ಬಂದು, ಒಂದು ಚಮಚ ಬಾಯಿಗೆ ಹಾಕಿಕೊಂಡು, ಹೊರಗೆ ಹೋಗಿ ಉಗಿದು ಬಂದರು. ಅವರ ಮುಖ ಸಣ್ಣದಾಗಿತ್ತು.

"ನಿಮ್ಮ ತಪ್ಪಲ್ಲ ಕಣಮ್ಮ. ಇದು ನನ್ನ ಪಾತ್ರೆದು. ಜೀವನ ಪೂರ್ತಿ ಈ ವಾಸನೆ ಕುಡಿದಿದೀನಿ, ನನಗೆ ಗೊತ್ತಾಗಲ್ವಾ?"

ಆಗ ಹುಡುಗಿ ಫೋನಿನಲ್ಲಿ ಮತ್ತೆ ನೋಡಿ ಹೇಳಿದಳು: ಫ್ರಾನ್ಸಿನವರ ಎರಕದ ಪಾತ್ರೆಗಳಿಗೆ ಒಳಗಡೆ ಗಾಜಿನಂಥ ಲೇಪ ಇರುತ್ತದಂತೆ. ನನಗೆ ನನ್ನ ಮೇಲೇ ಎಲ್ಲಿಲ್ಲದ ಸಿಟ್ಟು ಬಂತು. ಹುಣಸೆಹಣ್ಣಿನ ಗೊಜ್ಜನ್ನು ಬರೀ ಕಬ್ಬಿಣದ ಬಾಣಲೆಯಲ್ಲಿ ಒಂದು ಗಳಿಗೆ ಹೆಚ್ಚು ಬಿಡುತ್ತೇವೆಯೇ? ನಮ್ಮ ಮನೆಗೆ ಕಾಲಿಟ್ಟ ಹೊಸ ಸೊಸೆಗೂ ಇದು ಗೊತ್ತು. ವೈನು ವೈನು ಎಂದು ಅದನ್ನೇನೋ ದೊಡ್ಡದು ಮಾಡಿಕೊಂಡು, ಅದು ಒಂದು ಹುಳಿ ಎಂಬುದನ್ನೇ ಮರೆತಿದ್ದೆ. ಹುಳಿಯನ್ನು ಎಲ್ಲಿ ಮಾಡಬೇಕು? ಕಲ್ಲಿನಲ್ಲಿ. ಅಟ್ಟದ ಮೇಲೆ ನಮ್ಮ ಅತ್ತೆಯ ಕಾಲದ ಬಳಪದ ಕಲ್ಲಿನ ಮರಿಗೆ ಇತ್ತು. ಯಜಮಾನರನ್ನು ಏಣಿ ಹತ್ತಿಸಿ ಇಳಿಸಿದೆ. ಅಂಗಡಿಯ ಮೆಟ್ಟಿಲು ತಪ್ಪಿಸಿಕೊಂಡವರು ಈ ಮೆಟ್ಟಿಲು ತಪ್ಪಿಸಿಕೊಳ್ಳಲಾಗಲಿಲ್ಲ.

ಇನ್ನೊಮ್ಮೆ ಮಾಡಿ ನೋಡಲು ಹೊತ್ತಿರಲಿಲ್ಲ, ಮದುವೆಯ ಓಡಾಟ ಶುರುವಾಗಿತ್ತು. ಸೀದಾ ಬೀಗರ ಊಟದ ದಿನವೇ ಮಾಡಬೇಕು. ಇರಲಿ, ಹುಡುಗಿಯ ತಂದೆ ಉಪ್ಪು ನೋಡುತ್ತಾರಲ್ಲ ಎಂದುಕೊಂಡಿದ್ದೆ. ಆ ಮಾತು ಎತ್ತಿದಾಗ ಹುಡುಗಿಯ ತಾಯಿ ಹೌಹಾರಿದರು.

"ಅವತ್ತು ಬೇಡ್ವೇ ಬೇಡ. ಬೀಗರಿಗೆ ಅಂತ ಮಾಡಿದ್ದು ಬೀಗರ ಎಲೆಗೆ ಬೀಳೋ ಮುಂಚೆ ನಮ್ಮನೆಯವರ ಬಾಯಿಗೆ ಬೀಳಬಾರದು. ಎಂಜಲು ಆಗುತ್ತೆ. ನಮ್ಮತ್ತೆ ಕಾಲದಿಂದ ಮಾಡಿಲ್ಲ. ಅಡುಗೆಯವರು ನೋಡಿದ್ರೆ ದೋಷ ಇಲ್ಲ, ನೀವೇ ನೋಡಿ."

ಅಡುಗೆಯವರು ನಾವಿಬ್ಬರೇ. ಒಬ್ಬಳು ಕೋಳಿ ಬಾಯಿಗಿಡುವುದಿಲ್ಲ, ಒಬ್ಬರು ವೈನು ಮುಟ್ಟುವುದಿಲ್ಲ. ಆಪಾ ಮತ್ತು ನಾನು ನಮ್ಮ ಹಿತ್ತಲ ಮೆಟ್ಟಿಲ ಮೇಲೆ ಕೂತು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನನಗೆ ನಿಜವಾಗಿ ಹೆದರಿಕೆಯಾಯಿತು. ಆ ಬೀಗಿತ್ತಿ ತನ್ನ ಕೈಯಾರೆ ವರ್ಷವರ್ಷ ಮಾಡುವ ಅಡುಗೆಯನ್ನೇ ಅವಳ ಮುಂದೆ ಇಡಬೇಕು. ಬೇರೆ ಏನನ್ನಾದರೂ ಅವಳು ಸುಮ್ಮನೆ ಬಿಟ್ಟೆದ್ದಾಳು, ಇದನ್ನು ಬಿಟ್ಟೆದ್ದರೆ ಹುಡುಗಿಯ ತಾಯಿ ತಡೆದುಕೊಳ್ಳುವುದಿಲ್ಲ. ಬೇರೆ ಅಡುಗೆಯವರನ್ನು ಕರೆಸಿಯೋ ನಮ್ಮ ಕೆಲಸದವರ ಕೈಲೋ ರುಚಿ ನೋಡಿಸಬಹುದಿತ್ತು. ಆದರೆ ಆ ಅಡುಗೆ ತಿಂದೇ ಗೊತ್ತಿಲ್ಲದವನು ಬಂದು ಏನು ಹೇಳಿಯಾನು? ಮೇಲಾಗಿ ನನ್ನ ಒಲೆಯ ಮುಂದೆ ಬೇರೆಯವರ ಸೌಟನ್ನು ನಾನು ಸಹಿಸುವವಳಲ್ಲ.

"ಆಪಾ, ಇದನ್ನ ಎರಡು ಅಡುಗೆ ಮಾಡೋಣ," ಎಂದೆ. "ವೈನಿಲ್ಲದ ಕೋಳಿ ನಿಮ್ಮದು. ನಿಮ್ಮ ಬಿರಿಯಾನಿ ದೇಗಲ್ಲಿ, ನಿಮ್ಮ ಉಪ್ಪಲ್ಲಿ. ಕೋಳಿ ಇಲ್ಲದ ವೈನು ನಂದು, ಕಲ್ಲಿನ ಮರಿಗೇಲಿ. ಕಡೇಲಿ ನಿಮ್ಮದನ್ನ ನನ್ನದಕ್ಕೆ ಹಾಕೋದು. ಆಮೇಲೆ ನೀವು ಆ ಕಡೆ ತಿರುಗಿಯೂ ನೋಡ್ಬೇಡಿ."

ಆಪಾ ಯೋಚಿಸಿದರು. "ನನ್ನ ಅರ್ಧ ನಾನು ನೋಡ್ತೀನಿ ಅಕ್ಕಾ. ನಿಮ್ಮ ಅರ್ಧ ಯಾರು ನೋಡ್ತಾರೆ?"

"ನಾನೇ."

"ಶರಾಬು?"

"ದ್ರಾಕ್ಷಿ ಹುಳಿ," ಎಂದೆ. ಧ್ವನಿ ಗಟ್ಟಿಯಾಗಿತ್ತು, ಒಳಗೆ ಅಷ್ಟು ಗಟ್ಟಿಯಿರಲಿಲ್ಲ. ಮಾಂಸ ನಾನು ಬಿಟ್ಟದ್ದು ವ್ರತ, ಅದನ್ನು ಯಾರಿಗಾಗಿಯೂ ಮುರಿಯುವವಳಲ್ಲ. ಹೆಂಡ ಮುಟ್ಟಬಾರದು ಎಂಬುದೂ ನನ್ನ ಮನೆಯ ನಡತೆಯೇ. ಆದರೆ ಮಾಡುತ್ತೇನೆಂದು ಒಪ್ಪಿಕೊಂಡ ಅಡುಗೆಯ ಅರ್ಧವನ್ನಾದರೂ ನಾಲಿಗೆಯಿಂದ ತಿಳಿಯದೆ ಇನ್ನೊಬ್ಬರ ಮಗಳ ಮದುವೆಯಲ್ಲಿ ಬಡಿಸುವುದು ನನಗೆ ಅದಕ್ಕಿಂತ ದೊಡ್ಡ ತಪ್ಪಾಗಿ ಕಂಡಿತು. ಯಜಮಾನರಿಗೆ ಹೇಳಿದೆ. ಅವರು ಕನ್ನಡಕ ತೆಗೆದು, "ನಾಳೆ ಪೂಜೆಗೆ ಮುಂಚೆ ಎರಡು ಸಲ ಸ್ನಾನ ಮಾಡು," ಎಂದು ಮತ್ತೆ ಹಾಕಿಕೊಂಡರು. ಅದು ಅವರ ಒಪ್ಪಿಗೆ.

ಬೀಗರ ಊಟದ ದಿನ ಕಲ್ಲಿನ ಮರಿಗೆಯನ್ನು ಹುಲ್ಲಿನ ಮೇಲಿಟ್ಟು ಕಾರಿನಲ್ಲಿ ಮಗುವನ್ನು ಒಯ್ಯುವ ಹಾಗೆ ನ್ಯೂ ಟೌನಿಗೆ ಒಯ್ದೆವು. ಮನೆಯ ಮುಂದೆ ಶಾಮಿಯಾನ, ಹಿತ್ತಲಿನಲ್ಲಿ ಒಲೆ. ನೂರಾರು ಜನರ ಮುದ್ದೆ ಸಾರನ್ನು ನಮ್ಮ ಕೆಲಸದವರಿಗೆ ವಹಿಸಿ, ಗಂಡಿನ ಕಡೆಯವರಷ್ಟಕ್ಕೆ ಮಾಡುವ ಈ ಒಂದು ಅಡುಗೆಗೆ ನಾವಿಬ್ಬರೂ ನಿಂತೆವು.

ಎರಕದ ಪಾತ್ರೆಯನ್ನು ನಾನು ಬಿಡಲಿಲ್ಲ. ಹುಳಿಗೆ ಆಗದಿದ್ದರೇನು, ಹುರಿಯಲು ಅದರಂಥದ್ದು ಇನ್ನೊಂದಿಲ್ಲ. ಆಪಾ ಅದರಲ್ಲಿ ಬೆಣ್ಣೆ ಹಾಕಿ ಹುಂಜದ ತುಂಡುಗಳನ್ನು ಚರ್ಮ ಕೆಳಗಾಗಿ ಇಟ್ಟರು. ಬೆಂಕಿ ಒಂದೇ ಸಮ ಹಿಡಿಯಿತು, ಒಂದು ತುಂಡೂ ಅಂಟಲಿಲ್ಲ. ಹುಡುಗಿಯ ತಂದೆ ರೇಷ್ಮೆ ಶಲ್ಯದಲ್ಲೇ ಹಿತ್ತಲಿಗೆ ಬಂದು ಇಣುಕಿ, ಮೀಸೆಯಡಿ ನಕ್ಕು ಹೋದರು. ಕೆಂಪಗಾದ ತುಂಡುಗಳು ಆಪಾ ಅವರ ಕಲಾಯಿ ಹಾಕಿಸಿದ ತಾಮ್ರದ ದೇಗಿಗೆ ಹೋದವು. ಬೆಳ್ಳುಳ್ಳಿ, ಮೆಣಸು, ಆ ಒಣ ಸೊಪ್ಪು, ಮೂಳೆ ಬೇಯಿಸಿದ ನೀರು, ಸಣ್ಣ ಉರಿ. ಉಪ್ಪನ್ನು ಅರ್ಧಕ್ಕೇ ನಿಲ್ಲಿಸಿ ಎಂದಿದ್ದೆ. ಎರಡೂ ಸೇರಿದ ಮೇಲೆ ರಸ ಇನ್ನೂ ಬತ್ತಬೇಕಿತ್ತು.

ಈ ಕಡೆ ಮರಿಗೆ ನಿಧಾನಕ್ಕೆ ಕಾದಿತು. ಕಲ್ಲು ಅವಸರ ಮಾಡಿದರೆ ಬಿರಿಯುತ್ತದೆ. ಬೆಣ್ಣೆಯಲ್ಲಿ ಸಾಂಬಾರ್ ಈರುಳ್ಳಿ, ಕ್ಯಾರೆಟ್ ಬಾಡಿಸಿ ವೈನು ಸುರಿದೆ. ಕುದಿಯ ಹಬೆಯಲ್ಲಿ ಮೊದಲು ಮೂಗು ಚುಚ್ಚುವ ಘಾಟು ಬಂತು, ಆಮೇಲೆ ಅದು ಹೋಗಿ ಹಣ್ಣಿನ ವಾಸನೆ ಉಳಿಯಿತು. ಅರ್ಧಕ್ಕೆ ಬತ್ತಿದ ಮೇಲೆ ಚಮಚದ ತುದಿಯಲ್ಲಿ ತೆಗೆದು, ಕಣ್ಣು ಮುಚ್ಚಿ, ಶಿವಾ ಎಂದು ನಾಲಿಗೆಗೆ ಇಟ್ಟೆ. ಹುಳಿ, ಅದರ ಹಿಂದೆ ಹಸಿ ಅಡಿಕೆಯ ಒಗರು. ಅಷ್ಟೆ. ನಾನು ಬೀಳಲಿಲ್ಲ, ಆಕಾಶವೂ ಬೀಳಲಿಲ್ಲ. ಹುಳಿಯೆಂದರೆ ಕೈ ತಾನಾಗಿಯೇ ಬೆಲ್ಲದ ಡಬ್ಬಿಗೆ ಹೋಗುತ್ತದೆ, ಡಬ್ಬಿ ತೆಗೆದೂ ಆಗಿತ್ತು. ಜಾಮು ನೆನಪಾಗಿ ಮುಚ್ಚಿಟ್ಟೆ. ಬದಲಿಗೆ ಇನ್ನೊಂದಿಷ್ಟು ಈರುಳ್ಳಿಯನ್ನು ಕಂದು ಬಣ್ಣಕ್ಕೆ ಹುರಿದು ಹಾಕಿ ಬೇಯಲು ಬಿಟ್ಟೆ. ಎರಡನೆಯ ಸಲ ನೋಡಿದಾಗ ಒಗರು ತಗ್ಗಿ ನಾಲಿಗೆಯ ಮೇಲೆ ಮೆತ್ತಗೆ ಕೂತಿತು.

ಹುಂಜ ಮಾತ್ರ ಹಟ ಹಿಡಿದಿತ್ತು. ನಾವು ಅಂದುಕೊಂಡದ್ದಕ್ಕಿಂತ ಬಲಿತದ್ದು. ಹೊರಗೆ ಬೀಗರು ಕೂರುವ ಹೊತ್ತಾಯಿತು, ಹುಡುಗಿಯ ತಾಯಿ ಮೂರು ಸಲ ಬಂದು ನೋಡಿ ಹೋದರು, ತುಂಡು ಇನ್ನೂ ಮೆತ್ತಗಾಗಿರಲಿಲ್ಲ. ಕಡೆಗೂ ಬೆಂದಾಗ ಆಪಾ ರಸ ನಾಲಿಗೆಗೆ ಇಟ್ಟು ಮುಖ ಗಂಟಿಕ್ಕಿದರು.

"ಅಕ್ಕಾ, ಜಾಸ್ತಿ ಬತ್ತಿಬಿಡ್ತು. ಅರ್ಧ ಉಪ್ಪು ಇದ್ದಿದ್ದು ಈಗ ಪೂರ್ತಿ ಆಗಿದೆ. ಇದನ್ನ ಹಿಂಗೇ ಹಾಕಿ ನೀವು ಇನ್ನೂ ಬತ್ತಿಸಿದ್ರೆ ಕಹಿ ಬರುತ್ತೆ."

ಹುಡುಗಿಯ ತಂದೆಯನ್ನು ಗುಟ್ಟಾಗಿ ಕರೆದು ಒಂದು ಚಮಚ ಕೊಡಬಹುದಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆ ಯೋಚನೆ ಬಂತು ಎಂದು ಮುಚ್ಚಿಡುವುದಿಲ್ಲ. ಆದರೆ ಆ ತಾಯಿ ನಮ್ಮನ್ನು ನಂಬಿ ಹಿತ್ತಲು ಬಿಟ್ಟುಕೊಟ್ಟಿದ್ದರು.

"ಆಪಾ, ನಿಮ್ಮ ನಾಲಿಗೆ ಮೇಲೆ ನನಗೆ ಅನುಮಾನ ಇಲ್ಲ. ತುಂಡು ಅಷ್ಟೂ ಕೊಡಿ, ರಸ ಅರ್ಧ ಮಾತ್ರ ಕೊಡಿ," ಎಂದೆ. ನನ್ನ ಕಡೆ ಉಪ್ಪೇ ಬಿದ್ದಿರಲಿಲ್ಲ. ಮರಿಗೆಯ ವೈನಿನ ರಸಕ್ಕೆ ಅವರ ಅರ್ಧ ರಸ ಸೇರಿದರೆ ಎಷ್ಟಾಗುತ್ತದೆ, ಅದು ಎಲ್ಲಿಗೆ ಬತ್ತಿದರೆ ಉಪ್ಪು ಎಲ್ಲಿಗೆ ಬಂದು ನಿಲ್ಲುತ್ತದೆ ಎಂದು ಲೆಕ್ಕ ಹಾಕಿ ಮರಿಗೆಯಲ್ಲಿ ನೆಟ್ಟ ಮರದ ಸೌಟಿನ ಹಿಡಿಯ ಮೇಲೆ ಉಗುರಿನಲ್ಲಿ ಗುರುತು ಮಾಡಿಕೊಂಡೆ. ಆಪಾ ತಮ್ಮ ಸೌಟನ್ನು ಮರಿಗೆಗೆ ತಾಗಿಸದೆ ಮೇಲಿನಿಂದ ತುಂಡುಗಳನ್ನು ಇಳಿಸಿದರು, ರಸ ಹೊಯ್ದರು, ದೇಗನ್ನು ದೂರ ಒಯ್ದರು.

ಅಲ್ಲಿಂದ ಮುಂದಕ್ಕೆ ನಾನೊಬ್ಬಳೇ. ಅಣಬೆ ಹುರಿದು ಹಾಕಿದೆ. ಬೆಣ್ಣೆ ಮೈದಾ ಕರಗಿಸಿದೆ. ರಸ ಗುರುತಿಗೆ ಇಳಿಯುವವರೆಗೆ ಕದಲಲಿಲ್ಲ. ಸೌಟಿನ ಬೆನ್ನಿಗೆ ಅಂಟಿ ನಿಂತಾಗ ಮೂಗು ಹೂಂ ಎಂದಿತು. ಒಂದು ಕೆಂಡವನ್ನು ಬಟ್ಟಲಲ್ಲಿಟ್ಟು ತುಪ್ಪ ಬಿಟ್ಟು, ಬಟ್ಟಲನ್ನು ಒಳಗೆ ತೇಲಿಸಿ ಮುಚ್ಚಿದೆ. ಬಿಟ್ಟುಹೋದ ಆ ಹಂದಿ ಚೂರಿನ ಹೊಗೆಯ ವಾಸನೆಗೆ ಬದಲಾಗಿ ಇದಿರಲಿ ಎಂದು ಆಪಾ ಹೇಳಿಕೊಟ್ಟ ಉಪಾಯ ಅದು. ಮುಚ್ಚಳ ತೆಗೆದಾಗ ಬಣ್ಣ ಹಳೆಯ ರೇಷ್ಮೆ ಸೀರೆಯ ಕೆಂಪು.

ಹುಡುಗಿಯ ತಾಯಿಯೇ ಬಡಿಸಿದರು, ಬೇಕರಿಯ ಬ್ರೆಡ್ಡಿನ ಜೊತೆಗೆ. ನಾನೂ ಆಪಾ ಹಿತ್ತಲ ಬಾಗಿಲ ಸಂದಿಯಲ್ಲಿ ನಿಂತು ನೋಡಿದೆವು. ಬೀಗಿತ್ತಿ ತೆಳ್ಳನೆಯ, ನರೆಗೂದಲಿನ ಹೆಂಗಸು. ಎಲೆ ನೋಡಿ ಮಗನ ಕಡೆ ತಿರುಗಿ ಏನೋ ಕೇಳಿದಳು. ಒಂದು ತುತ್ತು ಬಾಯಿಗೆ ಇಟ್ಟಳು. ಅಗಿದಳು. ಇನ್ನೊಮ್ಮೆ ಎಲೆಯತ್ತ ಬಗ್ಗಿ ನೋಡಿದಳು. ಆಮೇಲೆ ಎದ್ದೇಬಿಟ್ಟಳು.

ಬೀಗರು ಊಟದ ನಡುವೆ ಎಲೆ ಬಿಟ್ಟು ಏಳುವುದೆಂದರೆ ನಮ್ಮ ಕಡೆ ಇದಕ್ಕಿಂತ ದೊಡ್ಡ ಅವಮಾನವಿಲ್ಲ. ಪಂಕ್ತಿಯವರೆಲ್ಲ ಕತ್ತು ಹೊರಳಿಸಿ ನೋಡಿದರು. ಹುಡುಗಿಯ ತಾಯಿ ಬಡಿಸುವ ಪಾತ್ರೆಯನ್ನು ಅಲ್ಲೇ ನೆಲಕ್ಕೆ ಇಟ್ಟುಬಿಟ್ಟರು. ಬೀಗಿತ್ತಿ ಎಂಜಲು ಕೈಯಲ್ಲೇ ನೇರ ನಮ್ಮ ಬಾಗಿಲಿಗೆ ಬಂದಳು, ಹಿಂದೆಯೇ ಹುಡುಗಿ ಓಡಿಬಂದಳು. ಬೀಗಿತ್ತಿ ಮರಿಗೆ ನೋಡಿದಳು, ನಮ್ಮಿಬ್ಬರನ್ನು ನೋಡಿದಳು, ಬಡಬಡ ಮಾತಾಡಿದಳು.

"ಉಪ್ಪು ನೋಡಿದ್ದು ಯಾರು ಅಂತ ಕೇಳ್ತಿದಾರೆ ಆಂಟಿ," ಎಂದಳು ಹುಡುಗಿ. "ಅವರ ಮನೇಲಿ ಯಾವಾಗ್ಲೂ ಒಂದು ಕಲ್ಲು ಉಪ್ಪು ಹೆಚ್ಚಾಗಿ ಮಾವ ಜಗಳ ತೆಗೀತಾರಂತೆ. ಇದು ಸರಿಯಾಗಿದೆಯಂತೆ. ಯಾರು ನೋಡಿದ್ದು?"

"ಯಾರೂ ಇಲ್ಲ," ಎಂದೆ.

ಹುಡುಗಿ ಹೇಳಿದ್ದನ್ನು ಆಕೆ ನಂಬಲಿಲ್ಲ. ತಮಾಷೆ ಎಂದುಕೊಂಡು ಮರಿಗೆಯಿಂದ ಒಂದು ಚಮಚ ತೆಗೆದು ನನ್ನ ಬಾಯಿಯ ಹತ್ತಿರ ಹಿಡಿದಳು. ನಾನು ಎದೆಯ ಮೇಲಿನ ಲಿಂಗದ ಕರಡಿಗೆಯನ್ನು ಮುಟ್ಟಿ ತಲೆಯಾಡಿಸಿದೆ. ಆಪಾ ಅವರ ಕಡೆ ಹಿಡಿದಳು. ಆಪಾ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕರು. ಹುಡುಗಿ ಎಲ್ಲವನ್ನೂ ಬಿಡಿಸಿ ಹೇಳಿದಳು, ಯಾರ ಅರ್ಧ ಯಾವುದು, ಯಾರು ಏನು ಮುಟ್ಟುವುದಿಲ್ಲ ಎಂದು. ಬೀಗಿತ್ತಿಯ ಮುಖದಲ್ಲಿ ನಗು ನಿಂತುಹೋಯಿತು. ಆ ಚಮಚವನ್ನು ತಾನೇ ಬಾಯಿಗಿಟ್ಟುಕೊಂಡು, ಅಲ್ಲೇ ಅಕ್ಕಿ ಮೂಟೆಯ ಮೇಲೆ ಕೂತು, ಎಲೆಯನ್ನು ಇಲ್ಲಿಗೇ ತರಲು ಹೇಳಿದಳು.

ಹುಡುಗಿಯ ತಾಯಿ ಎಲೆಯನ್ನು ಎರಡೂ ಕೈಯಲ್ಲಿ ಹಿಡಿದು ತಂದರು. ಬೀಗಿತ್ತಿ ಬ್ರೆಡ್ಡಿನಲ್ಲಿ ರಸ ಒರೆಸಿ ಒರೆಸಿ ತಿಂದಳು, ಮತ್ತೆ ಹಾಕಿಸಿಕೊಂಡಳು, ಮೂಳೆಯನ್ನೂ ಬಿಡಲಿಲ್ಲ. ಆ ತಾಯಿ ಪಕ್ಕದಲ್ಲಿ ನಿಂತು ಕಣ್ಣೊರೆಸಿಕೊಳ್ಳುತ್ತ, "ಹೊಟ್ಟೆ ತುಂಬಾ ತಿನ್ನಿ, ಹೊಟ್ಟೆ ತುಂಬಾ ತಿನ್ನಿ," ಎಂದು ಕನ್ನಡದಲ್ಲೇ ಹೇಳುತ್ತಿದ್ದರು. ಆಪಾ ನನ್ನ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದರು.

ಆ ಕೋಳಿಯ ರುಚಿ ಹೇಗಿತ್ತೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಆಪಾ ಅವರಿಗೂ ಗೊತ್ತಿಲ್ಲ. ಅದನ್ನು ಮಾಡಿದವರು ನಾವು.